ಎರಡು ಸಾವಿರದ ಕೆಳಗೆ

ಕಾರಿನ ಹುಚ್ಚು ಇರುವವರ ಜೊತೆ ಮಾತಿಗೆ ಕೂತರೆ ಹತ್ತು ನಿಮಿಷದೊಳಗೆ ಟರ್ಬೊ ಸುದ್ದಿ ಬಂದೇ ಬರುತ್ತದೆ. ಟರ್ಬೊ ಅಂದರೆ ಎಂಜಿನ್ನಿಗೆ ಹೆಚ್ಚು ಗಾಳಿ ಒತ್ತಿ ತುಂಬುವ ಸಾಧನ. ಈಗಿರುವುದನ್ನು ತೆಗೆಸಿ ಇನ್ನೊಂಚೂರು ದೊಡ್ಡದು ಹಾಕಿಸಿದರೆ ಎಷ್ಟು ಕುದುರೆ (ಅಶ್ವಶಕ್ತಿ) ಜಾಸ್ತಿಯಾಗುತ್ತದೆ, ಎಷ್ಟು ಖರ್ಚು ಬೀಳುತ್ತದೆ, ಮೈಸೂರಲ್ಲೇ ಆಗುತ್ತದೋ ಬೆಂಗಳೂರಿಗೇ ಹೋಗಬೇಕೋ. ಮಂಡ್ಯದಲ್ಲಿರುವ ನನ್ನ ಅಕ್ಕನ ಮಗನೂ ಹೋದ ಸುಗ್ಗಿಯಲ್ಲಿ ಇದೇ ಮಾತು ತೆಗೆದ. "ಮಾಮ, ಟರ್ಬೊ ಚೇಂಜ್ ಮಾಡುಸ್ಬುಟ್ರೆ ನೂರು ಕುದ್ರೆ ಆಯ್ತದಂತಲ್ಲ, ನಿಜವಾ?" ಅವನದು 1,248 ಸಿಸಿಯ ಡೀಸೆಲ್ ಎಂಜಿನ್, 75 ಪಿಎಸ್, ಅಂದರೆ ಹೆಚ್ಚುಕಡಿಮೆ ಅಷ್ಟೇ ಕುದುರೆ. ಫಿಯೆಟ್‌ನವರು ಮಲ್ಟಿಜೆಟ್ ಅಂತ ಮಾಡಿದ್ದು, ಮಾರುತಿಯಲ್ಲಿ ಡಿಡಿಐಎಸ್ ಆಗಿ, ಟಾಟಾದಲ್ಲಿ ಕ್ವಾಡ್ರಾಜೆಟ್ ಆಗಿ ನಮ್ಮ ರಸ್ತೆಗಳಲ್ಲಿ ವರ್ಷಾನುಗಟ್ಟಲೆ ಓಡಿದ್ದು. ಆಗುತ್ತದೆ, ನೂರೂ ಆಗಬಹುದು ಅಂದೆ. "ಆದರೆ ಎಷ್ಟು ಆರ್‌ಪಿಎಂಗೆ, ಅಂದರೆ ಎಂಜಿನ್ ನಿಮಿಷಕ್ಕೆ ಎಷ್ಟು ಸುತ್ತು ತಿರುಗಿದಾಗ, ಆ ನೂರು?" ಅಂತ ಕೇಳಿದ್ದಕ್ಕೆ ಸುಮ್ಮನಾದ. ಅವನೊಬ್ಬನೇ ಅಲ್ಲ, ಇದುವರೆಗೆ ಈ ವಿಚಾರವಾಗಿ ನನ್ನ ಹತ್ತಿರ ಬಂದವರಲ್ಲಿ ಯಾರೂ ಅದನ್ನು ಯೋಚಿಸಿರಲಿಲ್ಲ. ಎಷ್ಟು ಅನ್ನುವುದು ಎಲ್ಲರಿಗೂ ಬೇಕು, ಎಲ್ಲಿ ಅನ್ನುವುದು ಯಾರಿಗೂ ಬೇಡ. ಇದು ನನ್ನನ್ನು ಬಹಳ ದಿನದಿಂದ ಕೊರೆಯುತ್ತಿದೆ, ಅದಕ್ಕೇ ಬರೆಯಲು ಕೂತೆ.

ನಾನು ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶದ ಒಂದು ಮೆಷಿನ್ ಶಾಪ್‌ನಲ್ಲಿ ಕೆಲಸಕ್ಕಿದ್ದೇನೆ. ಶಾಫ್ಟ್, ಬುಷ್, ಬೇರಿಂಗ್ ಕೂರುವ ಜಾಗ ಇವನ್ನು ಮೈಕ್ರಾನ್ ಲೆಕ್ಕದಲ್ಲಿ ಗ್ರೈಂಡ್ ಮಾಡುವುದು ನನ್ನ ಅನ್ನದ ದಾರಿ. ಒಂದು ಶಾಫ್ಟ್ ನಿಮಿಷಕ್ಕೆ ಮೂರು ಸಾವಿರ ಸುತ್ತು ತಿರುಗಬೇಕಾದರೆ ನಾವು ಎಷ್ಟು ಜತನ ಮಾಡುತ್ತೇವೆ ಅನ್ನುವುದು ಗೊತ್ತಿರುವುದರಿಂದ, ನಿಮಿಷಕ್ಕೆ ಎರಡು ಲಕ್ಷ ಸುತ್ತು ತಿರುಗುವ ಟರ್ಬೊ ಶಾಫ್ಟ್ ಕಂಡರೆ ನನಗೆ ಭಯಭಕ್ತಿ. ಟರ್ಬೊ ಬದಲಿಸಲೇಬಾರದು ಅನ್ನುವವನಲ್ಲ ನಾನು. ಬದಲಿಸಿ ಸುಖವಾಗಿರುವ ಕಾರುಗಳನ್ನು ಓಡಿಸಿ ನೋಡಿದ್ದೇನೆ. ನನ್ನ ತಕರಾರು ಇಷ್ಟೇ: ಮಂಡ್ಯ, ಪಾಂಡವಪುರ, ನಾಗಮಂಗಲ, ಕೆ.ಆರ್.ಪೇಟೆ ಸುತ್ತಿಕೊಂಡಿರುವವನಿಗೆ ಎಳೆತ ಬೇಕಾಗಿರುವುದು ಎರಡು ಸಾವಿರ ಆರ್‌ಪಿಎಂ ಕೆಳಗೆ. ದುಡ್ಡು ಸುರಿಯುವುದು ಮಾತ್ರ ಮೂರೂವರೆ ಸಾವಿರದ ಮೇಲೆ ಸಿಗುವ ಕುದುರೆಗಳಿಗೆ.

ಕಬ್ಬಿನ ಟ್ರ್ಯಾಕ್ಟರ್ ಹಿಂದೆ

ಅವತ್ತು ಪಾಂಡವಪುರದ ಆಚೆ ನೆಂಟರ ಮನೆಗೆ ಹೋಗಿ ವಾಪಸ್ ಬರುತ್ತಿದ್ದೆವು. ಸ್ಟಿಯರಿಂಗ್ ಅವನ ಕೈಯಲ್ಲಿತ್ತು. ನಾಲೆ ಏರಿಯ ಮೇಲಿನ ರಸ್ತೆ, ಒಂದು ಕಡೆ ತುಂಬಿ ಹರಿಯುವ ವಿ.ಸಿ. (ವಿಶ್ವೇಶ್ವರಯ್ಯ) ನಾಲೆ, ಇನ್ನೊಂದು ಕಡೆ ಗದ್ದೆ. ಮುಂದೆ ಎರಡು ಟ್ರೇಲರ್ ಕಟ್ಟಿಕೊಂಡ ಟ್ರ್ಯಾಕ್ಟರ್. ಕಬ್ಬು ಟ್ರೇಲರ್ ಅಗಲ ಮೀರಿ ಎರಡೂ ಪಕ್ಕಕ್ಕೆ ಚಾಚಿಕೊಂಡು ರಸ್ತೆಯ ಮುಕ್ಕಾಲು ಪಾಲನ್ನು ತಾನೇ ತಗೊಂಡಿತ್ತು. ಹಿಂದೆ ರಿಫ್ಲೆಕ್ಟರ್ ಇಲ್ಲ, ಒಂದು ಕೆಂಪು ಬಟ್ಟೆ ಕಟ್ಟಿದ್ದರು. ಸೋಗೆ ಹಾರಿ ಹಾರಿ ನಮ್ಮ ಬಾನೆಟ್ ಮೇಲೆ ಬೀಳುತ್ತಿತ್ತು. ಕಾರು ಮೂರನೇ ಗೇರ್‌ನಲ್ಲಿ ತೆವಳುತ್ತಿತ್ತು, ಆರ್‌ಪಿಎಂ ಮುಳ್ಳು ಒಂದೂವರೆ ಸಾವಿರದ ಮೇಲೆ ಏಳುತ್ತಿರಲಿಲ್ಲ.

ಸ್ವಲ್ಪ ನೇರ ರಸ್ತೆ ಸಿಕ್ಕಿತು. ಟ್ರ್ಯಾಕ್ಟರಿನವನು ಕೈ ಬೀಸಿ ದಾರಿ ಕೊಟ್ಟ. ನಮ್ಮ ಹುಡುಗ ಬಲಕ್ಕೆ ತಗೊಂಡು ಆಕ್ಸಿಲರೇಟರ್ ಪೂರ್ತಿ ಒತ್ತಿದ. ಒತ್ತಿದ ಮೇಲೆ ಏನೂ ಆಗಲಿಲ್ಲ. ಎಂಜಿನ್ ಗೊರಗೊರ ಅಂದಿತೇ ಹೊರತು ಕಾರು ಏಳಲಿಲ್ಲ. ನಾವು ಹಿಂದಿನ ಟ್ರೇಲರಿನ ಪಕ್ಕಕ್ಕೆ ಬರುವಷ್ಟರಲ್ಲಿ ಮುಳ್ಳು ಎರಡು ಸಾವಿರ ಮುಟ್ಟಿತು, ಆಗ ಒಮ್ಮೆಲೇ ಬೆನ್ನಿಗೆ ನೂಕಿದಂತೆ ಎಳೆತ ಬಂತು. ಅಷ್ಟರಲ್ಲಿ ಎದುರಿಗೆ ಒಂದು ಟಿವಿಎಸ್ ಎಕ್ಸ್‌ಎಲ್ ತಿರುವಿನಿಂದ ಈಚೆ ಬಂದಿತ್ತು, ಮೇಲೆ ಹುಲ್ಲಿನ ಹೊರೆ. ಬ್ರೇಕ್ ಹಾಕಿ ಮತ್ತೆ ಟ್ರ್ಯಾಕ್ಟರ್ ಹಿಂದಕ್ಕೇ ಬಂದೆವು. ಆ ರಸ್ತೆಯಲ್ಲಿ ಇಂಥ ಲೆಕ್ಕ ತಪ್ಪಿದರೆ ಏನಾಗುತ್ತದೆ ಅಂತ ಮಂಡ್ಯದವರಿಗೆ ಹೇಳಿಕೊಡಬೇಕಾಗಿಲ್ಲ. 2018ರ ನವೆಂಬರ್‌ನಲ್ಲಿ ಕನಗನಮರಡಿ ಹತ್ತಿರ ಬಸ್ಸು ಇದೇ ನಾಲೆಗೆ ಬಿದ್ದು 30 ಜನ ಹೋದರು. ಅದಾದ ಮೇಲೂ ನಾಲೆಗೆ ಬಿದ್ದ ಕಾರುಗಳಿವೆ. ಆಗ ಎಲ್ಲ ಕಡೆ ತಡೆಗೋಡೆ ಇರಲಿಲ್ಲ.

ಎರಡನೇ ಗೇರ್‌ಗೆ ಇಳಿಸಿಕೊಂಡು, ಮುಳ್ಳು ಮೊದಲೇ ಎರಡು ಸಾವಿರದ ಮೇಲಿರುವ ಹಾಗೆ ನೋಡಿಕೊಂಡು, ಮುಂದಿನ ಜಾಗದಲ್ಲಿ ಆರಾಮವಾಗಿ ದಾಟಿದ. ದಾಟಿದವನೇ ನನ್ನ ಕಡೆ ತಿರುಗಿ, "ನೋಡುದ್ರಾ ಮಾಮ, ಪಿಕಪ್ಪೇ ಇಲ್ಲ. ಅದುಕ್ಕೇ ದೊಡ್ ಟರ್ಬೊ ಬೇಕು ಅಂದಿದ್ದು" ಅಂದ. ಆ ಮಾತೇ ನನ್ನನ್ನು ಹಿಡಿದು ನಿಲ್ಲಿಸಿದ್ದು. ಕೊರತೆ ಇರುವುದು ಎಲ್ಲಿ ಅಂತ ಅವನು ಸರಿಯಾಗೇ ತೋರಿಸಿದ. ಕೇಳುತ್ತಿರುವ ಮದ್ದು ಮಾತ್ರ ಆ ಕೊರತೆಯನ್ನೇ ಹೆಚ್ಚು ಮಾಡುವಂಥದ್ದು. ದೊಡ್ಡ ಟರ್ಬೊ ಇದ್ದಿದ್ದರೆ ಅವತ್ತು ಎಳೆತ ಎರಡು ಸಾವಿರಕ್ಕೂ ಬರುತ್ತಿರಲಿಲ್ಲ, ಎರಡೂವರೆಗೋ ಮೂರಕ್ಕೋ ಬರುತ್ತಿತ್ತು.

ಗಾಳಿಯ ಲೆಕ್ಕ

ಯಾಕೆ ಅಂತ ನೋಡಬೇಕಾದರೆ ಗಾಳಿಯ ಲೆಕ್ಕದಿಂದ ಶುರು ಮಾಡಬೇಕು. ಫೋರ್ ಸ್ಟ್ರೋಕ್ ಎಂಜಿನ್‌ನಲ್ಲಿ ಪ್ರತಿ ಸಿಲಿಂಡರೂ ಎರಡು ಸುತ್ತಿಗೊಮ್ಮೆ ಗಾಳಿ ಎಳೆಯುತ್ತದೆ. ಹಾಗಾಗಿ 1,248 ಸಿಸಿ ಎಂಜಿನ್ ಎರಡು ಸಾವಿರ ಆರ್‌ಪಿಎಂನಲ್ಲಿ ನಿಮಿಷಕ್ಕೆ ಹೆಚ್ಚೆಂದರೆ 1,248 ಲೀಟರ್ ಗಾಳಿ ಎಳೆದೀತು. ಮೈಸೂರು ಸಮುದ್ರ ಮಟ್ಟದಿಂದ ಸುಮಾರು 770 ಮೀಟರ್ ಎತ್ತರದಲ್ಲಿದೆ. ಇಲ್ಲಿಯ ಹಗಲಿನ ಬಿಸಿಯಲ್ಲಿ ಅಷ್ಟು ಗಾಳಿ ತೂಗಿದರೆ 1.3 ಕೆಜಿ. ಡೀಸೆಲ್ ಎಂಜಿನ್ ಕಪ್ಪು ಹೊಗೆ ಉಗುಳದೆ ಉರಿಸಬೇಕಾದರೆ ಒಂದು ಗ್ರಾಂ ಡೀಸೆಲ್‌ಗೆ ಹದಿನೆಂಟು ಗ್ರಾಂನ ಆಸುಪಾಸು ಗಾಳಿ ಬೇಕು. ಗಾಳಿ ಎಷ್ಟೋ ಅಷ್ಟೇ ಡೀಸೆಲ್, ಡೀಸೆಲ್ ಎಷ್ಟೋ ಅಷ್ಟೇ ಎಳೆತ. ಟರ್ಬೊ ಕೆಲಸ ಆ 1.3 ಕೆಜಿಯನ್ನು ಎರಡೂವರೆ ಕೆಜಿ ಹತ್ತಿರಕ್ಕೆ ಒಯ್ಯುವುದು.

ಅದಕ್ಕೆ ಶಕ್ತಿ ಎಲ್ಲಿಂದ? ಸೈಲೆನ್ಸರಿನಲ್ಲಿ ಸುಮ್ಮನೆ ಹೊರಗೆ ಹೋಗುತ್ತಿದ್ದ ಬಿಸಿ ಹೊಗೆಯಿಂದ. ನಮ್ಮ ಕಡೆ ಆಲೆಮನೆ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕಬ್ಬು ಅರೆದು ಉಳಿದ ರಚ್ಚನ್ನೇ ಒಣಗಿಸಿ ಕೊಪ್ಪರಿಗೆ ಕೆಳಗೆ ಉರಿಸಿ ಅದೇ ಕಬ್ಬಿನ ಹಾಲನ್ನು ಬೆಲ್ಲ ಮಾಡುತ್ತಾರೆ, ಸೌದೆಗೆ ಬೇರೆ ದುಡ್ಡಿಲ್ಲ. ಸ್ವಿಟ್ಜರ್ಲೆಂಡಿನ ಆಲ್ಫ್ರೆಡ್ ಬ್ಯೂಖಿ 1905ರಲ್ಲಿ ಪೇಟೆಂಟ್ ಹಾಕಿದ್ದು ಈ ವಿಚಾರಕ್ಕೇ. ಹೊಗೆ ಒಂದು ಚಕ್ರ ತಿರುಗಿಸುತ್ತದೆ, ಅದೇ ಶಾಫ್ಟಿನ ಇನ್ನೊಂದು ತುದಿಯ ಚಕ್ರ ಗಾಳಿಯನ್ನು ಒತ್ತುತ್ತದೆ. ಮೊದಲನೆಯದು ಟರ್ಬೈನ್, ಎರಡನೆಯದು ಕಂಪ್ರೆಸರ್. ಮೊದಲು ಹಡಗಿನ ದೊಡ್ಡ ಡೀಸೆಲ್ ಎಂಜಿನ್‌ಗಳಲ್ಲಿ ನೆಲೆ ಕಂಡಿತು. ಡೀಸೆಲ್ ಕಾರಿಗೆ ಬಂದದ್ದು 1978ರಲ್ಲಿ, ಮರ್ಸಿಡಿಸ್‌ನ 300 ಎಸ್‌ಡಿಯಲ್ಲಿ.

ಆದರೆ ಕೊಪ್ಪರಿಗೆ ಕುದಿಯಲು ಮೊದಲು ರಚ್ಚು ಇರಬೇಕಲ್ಲ. ಎಂಜಿನ್ ಕಡಿಮೆ ಸುತ್ತುತ್ತಿದ್ದರೆ ಹೊಗೆ ಕಡಿಮೆ. ಹೊಗೆ ಕಡಿಮೆಯಾದರೆ ಚಕ್ರ ನಿಧಾನ, ಒತ್ತುವ ಗಾಳಿಯೂ ಕಡಿಮೆ, ಇಸಿಯು (ಎಂಜಿನ್ ನಡೆಸುವ ಕಂಪ್ಯೂಟರ್) ಬಿಡುವ ಡೀಸೆಲ್ಲೂ ಕಡಿಮೆ. ನಾಲೆ ಏರಿ ಮೇಲೆ ನಾವು ಕಾದದ್ದು ಈ ಸರಪಳಿ ಬಿಚ್ಚಿಕೊಳ್ಳುವವರೆಗೆ. ಚಕ್ರ ದೊಡ್ಡದಾದಷ್ಟೂ ಅದರ ತೂಕ ಜಾಸ್ತಿ, ಅದನ್ನು ವೇಗಕ್ಕೆ ತರಲು ಬೇಕಾದ ಹೊಗೆಯೂ ಜಾಸ್ತಿ. ಮೇಲಿನ ಸುತ್ತಿನಲ್ಲಿ ದೊಡ್ಡ ಚಕ್ರ ಬೇಕಾದಷ್ಟು ಗಾಳಿ ಕೊಡುತ್ತದೆ, ಚಿಕ್ಕದು ಅಲ್ಲಿ ಉಸಿರು ಕಟ್ಟುತ್ತದೆ. ಕೆಳಗಿನ ಸುತ್ತಿನಲ್ಲಿ ಇದು ತಿರುಗುಮುರುಗು. ಕಂಪ್ರೆಸರ್ ಅಳತೆ ತೀರಾ ದೊಡ್ಡದಾಗಿದ್ದರೆ ಕಡಿಮೆ ಸುತ್ತಿನಲ್ಲಿ ಒತ್ತಿದ ಗಾಳಿ ಎಂಜಿನ್ನಿಗೆ ಹೋಗಲಾರದೆ ವಾಪಸ್ ಚಕ್ರದ ಮೇಲೇ ನುಗ್ಗುತ್ತದೆ. ಅದನ್ನು ಸರ್ಜ್ ಅನ್ನುತ್ತಾರೆ, ಫಟಫಟ ಅನ್ನುವ ಸದ್ದು ಬರುತ್ತದೆ. ಎಷ್ಟೋ ಹುಡುಗರು ಆ ಸದ್ದಿಗೆ ಖುಷಿಪಡುತ್ತಾರೆ. ಅದು ಥ್ರಸ್ಟ್ ಬೇರಿಂಗ್ (ಶಾಫ್ಟ್ ಹಿಂದೆ ಮುಂದೆ ಸರಿಯದಂತೆ ಹಿಡಿಯುವುದು) ತಿನ್ನುತ್ತಿರುವ ಏಟಿನ ಸದ್ದು.

ಇನ್ನೊಂದು ಲೆಕ್ಕ ಹೇಳಿಬಿಡುತ್ತೇನೆ, ಇದನ್ನು ಬಹಳ ಜನ ಬಿಟ್ಟುಬಿಡುತ್ತಾರೆ. ಗಾಳಿಯನ್ನು ಒತ್ತಿದರೆ ಬಿಸಿಯಾಗುತ್ತದೆ. ಹೊರಗೆ 30 ಡಿಗ್ರಿ ಇರುವ ಗಾಳಿಯನ್ನು ಎರಡು ಪಟ್ಟು ಒತ್ತಡಕ್ಕೆ ತಂದರೆ, ಕಂಪ್ರೆಸರ್ ದಕ್ಷತೆ ಶೇಕಡ 70 ಅಂತ ಹಿಡಿದರೂ, ಅದು 125 ಡಿಗ್ರಿ ಹತ್ತಿರ ಹೋಗುತ್ತದೆ. ಬಿಸಿ ಗಾಳಿ ಹಿಗ್ಗುವುದರಿಂದ ಒತ್ತಡ ಎರಡು ಪಟ್ಟಾದರೂ ಸಿಲಿಂಡರಿಗೆ ಸಿಕ್ಕುವುದು ಒಂದೂವರೆ ಪಟ್ಟು ಗಾಳಿ ಮಾತ್ರ. ಒತ್ತಿದ ಗಾಳಿಯನ್ನು ತಂಪು ಮಾಡುವ ಇಂಟರ್‌ಕೂಲರ್ ಅದನ್ನು 55 ಡಿಗ್ರಿಗೆ ಇಳಿಸಿಕೊಟ್ಟರೆ 1.85 ಪಟ್ಟು ಸಿಗುತ್ತದೆ. ಅಂದರೆ ಬರೀ ಟರ್ಬೊ ದೊಡ್ಡದು ಮಾಡಿ, ಹಳೆಯ ಇಂಟರ್‌ಕೂಲರ್ ಬಿಟ್ಟು, ಆ್ಯಕ್ಚುಯೇಟರ್ ರಾಡ್ ಬಿಗಿ ಮಾಡಿ ಬೂಸ್ಟ್ (ಟರ್ಬೊ ಒತ್ತುವ ಗಾಳಿಯ ಒತ್ತಡ) ಏರಿಸಿದರೆ ಮೀಟರ್‌ನಲ್ಲಿ ಕಾಣುವ ಒತ್ತಡದಲ್ಲಿ ಒಂದು ಪಾಲು ಬರೀ ಬಿಸಿ. ಕಾರು ಓಡುವುದು ಗಾಳಿಯ ತೂಕದಿಂದ, ಒತ್ತಡದ ಅಂಕಿಯಿಂದ ಅಲ್ಲ.

ಮಂಡಿ ಮೊಹಲ್ಲಾದ ಮೇಜಿನ ಮೇಲೆ

ಮುಂದಿನ ವಾರ ಅವನ ಕಾರನ್ನು ಮಂಡಿ ಮೊಹಲ್ಲಾದಲ್ಲಿ ನನಗೆ ಪರಿಚಯದ ಮೇಸ್ತ್ರಿ ಹತ್ತಿರ ತಂದೆವು. ಅವರು ಬೋರ್ಡು ಹಾಕಿಕೊಂಡವರಲ್ಲ, ಒಂದು ಶೆಡ್ಡು, ಒಂದು ರ್‍ಯಾಂಪು, ಇಬ್ಬರು ಹುಡುಗರು. ನಾನು ಅವರನ್ನು ನಂಬುವುದಕ್ಕೆ ಒಂದೇ ಕಾರಣ, ಬಿಚ್ಚುವ ಮೊದಲು ಅಳೆಯುತ್ತಾರೆ. ನಾವು ಹೋದಾಗ ಮೇಜಿನ ಮೇಲೆ ಬೇರೆ ಯಾವುದೋ ಕಾರಿನ ಟರ್ಬೊ ಕೂತಿತ್ತು. "ಟರ್ಬೊ ವಿಚಾರನಾ? ಬನ್ನಿ ಸಾರ್, ಮೊದಲು ಇದನ್ನ ಮುಟ್ಟಿ ನೋಡಿ" ಅಂತ ಅದನ್ನೇ ನಮ್ಮ ಮುಂದೆ ಸರಿಸಿದರು.

ಕಂಪ್ರೆಸರ್ ಚಕ್ರದ ನಡುವಿನ ನಟ್ಟನ್ನು ಎರಡು ಬೆರಳಲ್ಲಿ ಹಿಡಿದು ಅಲ್ಲಾಡಿಸಿದೆ. ಪಕ್ಕಕ್ಕೆ ಸ್ವಲ್ಪ ಆಟ ಇರುವುದು ಸಹಜ. ಟರ್ಬೊ ಶಾಫ್ಟ್ ಬುಷ್‌ಗೆ ತಾಗಿಕೊಂಡು ತಿರುಗುವುದಿಲ್ಲ, ಆಯಿಲ್‌ನ ತೆಳು ಪದರದ ಮೇಲೆ ತೇಲಿಕೊಂಡು ತಿರುಗುತ್ತದೆ, ಎಂಜಿನ್ ನಿಂತಾಗ ಆ ಪದರದ ಜಾಗವೇ ಕೈಗೆ ಆಟವಾಗಿ ಸಿಗುವುದು. ಇದರಲ್ಲಿ ಪಕ್ಕದ ಆಟ ಎಷ್ಟಿತ್ತೆಂದರೆ ಚಕ್ರದ ರೆಕ್ಕೆ ಹೌಸಿಂಗಿಗೆ ತಾಗಿ ಸರಕ್ ಅಂತಿತ್ತು. ಹಿಂದೆ ಮುಂದೆ ಎಳೆದೆ, ಅಲ್ಲೂ ಆಟ. ಆ ದಿಕ್ಕಿನಲ್ಲಿ ಬೆರಳಿಗೆ ಗೊತ್ತಾಗುವಷ್ಟು ಆಟ ಇರಲೇಬಾರದು. ರೆಕ್ಕೆಗಳ ತುದಿ ಒಂದೇ ಪಕ್ಕ ಸವೆದು ಹೊಳೆಯುತ್ತಿತ್ತು, ಅಲ್ಯೂಮಿನಿಯಂ ಪುಡಿ ಹೌಸಿಂಗ್ ಗೋಡೆಗೆ ಬೂದಿ ಬಣ್ಣದಲ್ಲಿ ಮೆತ್ತಿಕೊಂಡಿತ್ತು. ಮೇಸ್ತ್ರಿ ಪಕ್ಕದ ಡಬ್ಬಿಯಿಂದ ಒಂದು ಟೊಳ್ಳು ಬೋಲ್ಟ್ ತೆಗೆದು ಬೆಳಕಿಗೆ ಹಿಡಿದರು. ಟರ್ಬೊಗೆ ಆಯಿಲ್ ಹೋಗುವ ಪೈಪನ್ನು ಕೂರಿಸುವ ಬೋಲ್ಟ್ ಅದು, ಅದರ ಪಕ್ಕದ ತೂತಿನಿಂದಲೇ ಆಯಿಲ್ ಒಳಗೆ ಹೋಗಬೇಕು. ತೂತು ಪೂರ್ತಿ ಕರಿಕಟ್ಟಿ ಮುಚ್ಚಿತ್ತು, ಗುಂಡುಸೂಜಿಯೂ ತೂರುವಂತಿರಲಿಲ್ಲ.

ಕತೆ ಇಷ್ಟು. ಆ ಕಾರಿನವರು ಎಲ್ಲೋ ದೊಡ್ಡ ಕಂಪ್ರೆಸರ್ ಚಕ್ರದ ಟರ್ಬೊ ಹಾಕಿಸಿದರು. ಹಾಕಿದವರು ಹೊಸ ಟರ್ಬೊಗೆ ಹಳೆಯ ಆಯಿಲ್ ಪೈಪು, ಹಳೆಯ ಬೋಲ್ಟನ್ನೇ ಸಿಕ್ಕಿಸಿ ಕಳಿಸಿದರು. ಮೊದಲಿನ ಟರ್ಬೊ ಕೆಟ್ಟಿದ್ದೇ ಆ ಬೋಲ್ಟ್ ಕಟ್ಟಿಕೊಂಡಿದ್ದರಿಂದ, ಎರಡನೆಯದಕ್ಕೂ ಅದೇ ಗತಿ. ಇದನ್ನು ಕೇಳಿ ನನಗೆ ಹೊಟ್ಟೆ ಉರಿಯಿತು. ಟರ್ಬೊ ಪಾಲಿಗೆ ಜೀವ ಅಂದರೆ ಆಯಿಲ್, ಬೇರಿಂಗಿಗೆ ಜಾರಿಕೆಯೂ ಅದೇ, ತಂಪೂ ಅದೇ. ಪೂರ್ತಿ ಲೋಡ್‌ನಲ್ಲಿ ಡೀಸೆಲ್ ಕಾರಿನ ಹೊಗೆ 700 ಡಿಗ್ರಿ ದಾಟುತ್ತದೆ. ಅಷ್ಟು ಬಿಸಿ ಒಂದು ತುದಿಯಲ್ಲಿ, ಬೆರಳಗಲ ದೂರದಲ್ಲಿ ಆಯಿಲ್ ಮೇಲೆ ತೇಲುವ ಬುಷ್. ಜೋರಾಗಿ ಓಡಿಸಿಕೊಂಡು ಬಂದು ಟಕ್ಕನೆ ಆಫ್ ಮಾಡಿದರೆ ಆಯಿಲ್ ಹರಿವು ನಿಂತು, ಅಲ್ಲೇ ನಿಂತ ಆಯಿಲ್ ಸುಟ್ಟು ಕರಿಯಾಗುತ್ತದೆ. ಅರ್ಧ ನಿಮಿಷ, ಒಂದು ನಿಮಿಷ ಐಡಲ್‌ನಲ್ಲಿ ಬಿಟ್ಟು ಆಫ್ ಮಾಡಿ ಅಂತ ಹಳೆಯ ಡ್ರೈವರ್‌ಗಳು ಹೇಳುವುದಕ್ಕೆ ಇದೇ ಕಾರಣ, ಅದು ಇವತ್ತಿಗೂ ನಿಜ.

ಅಲ್ಲೇ ಕೂತು ಅಕ್ಕನ ಮಗನಿಗೆ ಒಂದು ಲೆಕ್ಕ ಮಾಡಿ ತೋರಿಸಿದೆ. 40 ಮಿಲಿಮೀಟರ್ ವ್ಯಾಸದ ಚಕ್ರ ನಿಮಿಷಕ್ಕೆ ಎರಡು ಲಕ್ಷ ಸುತ್ತು ತಿರುಗಿದರೆ ಅದರ ತುದಿ ಸೆಕೆಂಡಿಗೆ 419 ಮೀಟರ್ ಚಲಿಸುತ್ತದೆ. ಗಾಳಿಯಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 345 ಮೀಟರ್. ನಮ್ಮ ಮೂರನೇ ಗೇರಿನ ಕಾರಿನೊಳಗೆ ಶಬ್ದಕ್ಕಿಂತ ವೇಗವಾಗಿ ಹೋಗುವ ಒಂದು ಅಂಚು ಇದೆ, ಅದು ಕೂತಿರುವುದು ನಾವು ಬದಲಿಸಲು ಸೋಮಾರಿತನ ಮಾಡುವ ಆಯಿಲ್ ಮೇಲೆ. ಹುಡುಗ ಆ ಬೋಲ್ಟನ್ನು ಕೈಯಲ್ಲಿ ಹಿಡಿದುಕೊಂಡು ಬಹಳ ಹೊತ್ತು ನೋಡಿದ.

ಆಮೇಲೆ ಅವನ ಕಾರಿನ ಸರದಿ. ಮೇಸ್ತ್ರಿ ಇನ್‌ಟೇಕ್ ಹೋಸ್ ಬಿಚ್ಚಿ ಟರ್ಬೊ ಬಾಯಲ್ಲಿ ಬೆರಳಿಟ್ಟು ನೋಡಿದರು. ಪಕ್ಕಕ್ಕೆ ಚೂರು ಆಟ, ಹಿಂದೆ ಮುಂದೆ ಇಲ್ಲ, ರೆಕ್ಕೆ ಎಲ್ಲೂ ಸವೆದಿಲ್ಲ. ನಾನು ಶಾಪ್‌ನಿಂದ ಡಯಲ್ ಗೇಜ್ ತಂದಿದ್ದೆ, ಇಟ್ಟು ನೋಡಿದ್ದಕ್ಕೆ ಮೇಸ್ತ್ರಿ ಬೆರಳು ಹೇಳಿದ್ದನ್ನೇ ಅದೂ ಹೇಳಿತು. ಆಮೇಲೆ ಏರ್ ಫಿಲ್ಟರ್ ಕಡೆಯ ಬಾಯಿ ಮುಚ್ಚಿ, ಶೆಡ್ಡಿನ ಏರ್ ಕಂಪ್ರೆಸರಿನಿಂದ ಹದವಾಗಿ ಗಾಳಿ ಬಿಟ್ಟು, ಹೋಸ್‌ಗಳ ಮೇಲೆಲ್ಲ ಸೋಪಿನ ನೀರು ಹಚ್ಚಿಸಿದರು. ಟರ್ಬೊದಿಂದ ಎಂಜಿನ್ ಕಡೆ ಹೋಗುವ ರಬ್ಬರ್ ಹೋಸ್‌ನಲ್ಲಿ, ಕ್ಲಾಂಪ್ ಮರೆಯಲ್ಲಿ, ಗುಳ್ಳೆ ಎದ್ದಿತು. ಒಂದು ಸಣ್ಣ ಸೀಳು. ಟರ್ಬೊ ಕಷ್ಟಪಟ್ಟು ಒತ್ತಿದ ಗಾಳಿಯಲ್ಲಿ ಒಂದು ಪಾಲು ಬಾನೆಟ್ ಒಳಗೇ ಸೋರಿಹೋಗುತ್ತಿತ್ತು. ಹೋಸ್ ಬದಲಿಸಿ, ಆಯಿಲ್ ಪೈಪಿನ ಬೋಲ್ಟ್ ಹೊಸದು ಹಾಕಿ, ಒಳ್ಳೆಯ ಆಯಿಲ್ ತುಂಬಿಸಿ ಕಳಿಸಿದರು. ಕಾರು ಸುಧಾರಿಸಿತು. ಆದರೆ ಎರಡು ಸಾವಿರದ ಕೆಳಗಿನ ಮಂಕು ಪೂರ್ತಿ ಹೋಗಲಿಲ್ಲ, ಯಾಕೆಂದರೆ ಅದರಲ್ಲಿ ಒಂದಿಷ್ಟು ಆ ಟರ್ಬೊದ ಹುಟ್ಟುಗುಣ.

ಎಪ್ಪತ್ತೈದು ಮತ್ತು ತೊಂಬತ್ತು

ಇದೇ ಎಂಜಿನ್ ಎರಡು ರೂಪದಲ್ಲಿ ಬಂದಿತ್ತು ಅಂತ ಇದನ್ನು ಓದುತ್ತಿರುವವರಲ್ಲಿ ಅರ್ಧ ಜನಕ್ಕೆ ಗೊತ್ತೇ ಇರುತ್ತದೆ. 75 ಪಿಎಸ್‌ನದ್ದಕ್ಕೆ ಸಾದಾ ಟರ್ಬೊ, 190 ಎನ್‌ಎಂ ಟಾರ್ಕ್ (ತಿರುಗಿಸುವ ಬಲ, ಅಂದರೆ ಎಳೆತ) ಎರಡು ಸಾವಿರ ಆರ್‌ಪಿಎಂಗೆ. 90 ಪಿಎಸ್‌ನದ್ದಕ್ಕೆ ವಿಜಿಟಿ (ವೇರಿಯಬಲ್ ಜಾಮಿಟ್ರಿ ಟರ್ಬೊ), 200 ಎನ್‌ಎಂ 1,750ಕ್ಕೆ. ಎಲ್ಲರ ಕಣ್ಣು 75 ಮತ್ತು 90ರ ಮೇಲೆ ಬೀಳುತ್ತದೆ. ನನ್ನ ಕಣ್ಣು ಬೀಳುವುದು ಎರಡು ಸಾವಿರ ಮತ್ತು 1,750ರ ಮೇಲೆ. ಅವತ್ತು ನಾಲೆ ಏರಿ ಮೇಲೆ ನಮಗೆ ಬೇಕಾಗಿದ್ದದ್ದು ಆ ಇನ್ನೂರೈವತ್ತು ಸುತ್ತು.

ವಿಜಿಟಿಯಲ್ಲಿ ಹೊಗೆ ಬರುವ ಕಡೆ, ಟರ್ಬೈನ್ ಚಕ್ರದ ಸುತ್ತ, ತಿರುಗುವ ಪುಟ್ಟ ಎಲೆಗಳಿರುತ್ತವೆ. ಎಂಜಿನ್ ನಿಧಾನವಾಗಿದ್ದಾಗ ಎಲೆಗಳು ಮುಚ್ಚಿಕೊಂಡು ಸಂದು ಕಿರಿದಾಗುತ್ತದೆ, ಇರುವ ಅಷ್ಟೇ ಹೊಗೆ ಜೋರಾಗಿ ನುಗ್ಗಿ ಚಕ್ರಕ್ಕೆ ಹೊಡೆಯುತ್ತದೆ. ಎಂಜಿನ್ ಏರಿದಂತೆ ಎಲೆಗಳು ತೆರೆದುಕೊಳ್ಳುತ್ತವೆ. ಚಿಕ್ಕ ಟರ್ಬೊ, ದೊಡ್ಡ ಟರ್ಬೊ ಎರಡೂ ಒಂದರಲ್ಲೇ ಸಿಕ್ಕ ಲಾಭ. ನಮ್ಮ ರಸ್ತೆಯವರಿಗೆ ಟರ್ಬೊ ಮೇಲೆ ದುಡ್ಡು ಹಾಕುವುದೇ ಆದರೆ ಈ ಕಡೆ ಹಾಕಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಆದರೆ ಒಂದನ್ನು ಬಿಚ್ಚಿ ಇನ್ನೊಂದನ್ನು ಕೂರಿಸಿದರೆ ಮುಗಿಯಿತು ಅನ್ನುವವರ ಮಾತು ನಂಬಬೇಡಿ. ಸಾದಾ ಟರ್ಬೊದಲ್ಲಿ ಬೂಸ್ಟ್ ಮಿತಿಗೆ ತರುವುದು ವೇಸ್ಟ್‌ಗೇಟ್ ಅನ್ನುವ, ಹೆಚ್ಚಿನ ಹೊಗೆಯನ್ನು ಚಕ್ರಕ್ಕೆ ತಾಗದೆ ಹೊರಬಿಡುವ ಬಾಗಿಲು, ಬೂಸ್ಟ್ ಒತ್ತಡವೇ ಸ್ಪ್ರಿಂಗ್ ನೂಕಿ ಅದನ್ನು ತೆರೆಯುತ್ತದೆ, ಇಸಿಯು ಕೈ ಹಾಕಬೇಕಾಗಿಲ್ಲ. ವಿಜಿಟಿಯ ಎಲೆಗಳನ್ನು ಪ್ರತಿ ಗಳಿಗೆಯೂ ಇಸಿಯು ನಡೆಸಬೇಕು. ಅದಕ್ಕೆ ಸೊಲೆನಾಯ್ಡ್ ಬೇಕು, ವ್ಯಾಕ್ಯೂಮ್ ಲೈನ್ ಬೇಕು, ವೈರಿಂಗ್ ಬೇಕು, ಎಲ್ಲಕ್ಕಿಂತ ಹೆಚ್ಚಾಗಿ ಆ ಲೆಕ್ಕ ಗೊತ್ತಿರುವ ಇಸಿಯು ಬೇಕು. ಇವೆಲ್ಲ ಇಲ್ಲದೆ ಎಲೆಗಳನ್ನು ಸ್ಪ್ರಿಂಗ್ ಕಟ್ಟಿ ನಡೆಸುವ ನಾಜೂಕು ಕೆಲಸ ಮಾಡಿಕೊಡುತ್ತೇವೆ ಅನ್ನುವವರಿದ್ದಾರೆ. ಎಲೆಗಳು ಬೇಕಾದಾಗ ತೆರೆಯದೆ ಹೋದರೆ ಚಕ್ರ ಮಿತಿ ಮೀರಿ ಸುತ್ತುತ್ತದೆ. ಇನ್ನೊಂದು ಮಾತು, ಊರೊಳಗೇ ತೆವಳಿಸುವ ಕಾರಿನಲ್ಲಿ ಎಲೆಗಳಿಗೆ ಮಸಿ ಕಟ್ಟಿ ಸಿಕ್ಕಿಕೊಳ್ಳುತ್ತವೆ. ವಾರಕ್ಕೊಮ್ಮೆಯಾದರೂ ಹೈವೇಯಲ್ಲಿ ಚೆನ್ನಾಗಿ ಬಿಸಿಯಾಗುವಂತೆ ಓಡಿಸುವವರಿಗೆ ಅದರ ಬಾಳಿಕೆ ಹೆಚ್ಚು.

ಟ್ಯೂನಿಂಗ್ ಬಾಕ್ಸ್ ಬಗ್ಗೆಯೂ ಕೇಳುತ್ತಾರೆ. ಅಗ್ಗದವು ಮಾಡುವುದು ಒಂದೇ ಕೆಲಸ, ರೈಲ್ ಒತ್ತಡ (ಡೀಸೆಲ್ ಪೈಪಿನೊಳಗಿನ ಒತ್ತಡ) ಕಡಿಮೆ ಇದೆ ಅಂತ ಇಸಿಯುಗೆ ಸುಳ್ಳು ಹೇಳಿ ಡೀಸೆಲ್ ಜಾಸ್ತಿ ಬಿಡಿಸುವುದು. ಗಾಳಿ ಇದ್ದಷ್ಟೇ, ಡೀಸೆಲ್ ಮಾತ್ರ ಜಾಸ್ತಿ. ಫಲ ಹಿಂದಿನ ಬೈಕಿನವನ ಮುಖಕ್ಕೆ ಕರಿ ಹೊಗೆ, ನಮ್ಮ ಟರ್ಬೊಗೆ ಹೆಚ್ಚಿನ ಬಿಸಿ. ಪೆಟ್ರೋಲ್ ಟರ್ಬೊ ಕಾರುಗಳ ಕತೆ ಬೇರೆ, ಅಲ್ಲಿ ಬೂಸ್ಟ್ ಏರಿಸಿದರೆ ನಾಕಿಂಗ್ ಅನ್ನುವ ಇನ್ನೊಂದು ಶತ್ರು ಬರುತ್ತಾನೆ. ಅದನ್ನು ಇಲ್ಲಿ ಎಳೆಯುವುದಿಲ್ಲ.

ಊಟಿ ದಾರಿಯಲ್ಲಿ

ಮೈಸೂರಿನವರಿಗೆ ಊಟಿ ಪಕ್ಕದ ಮನೆ. ಗುಂಡ್ಲುಪೇಟೆ, ಬಂಡೀಪುರ, ಮಸಿನಗುಡಿ, ಆಮೇಲೆ ಕಲ್ಹಟ್ಟಿಯ 36 ಹೇರ್‌ಪಿನ್ ತಿರುವು. ಟರ್ಬೊ ಬದಲಿಸಿಕೊಂಡವರು ಮೊದಲು ಕಾರು ತಗೊಂಡು ಹೋಗುವುದು ಅಲ್ಲಿಗೇ. ಅಲ್ಲಿ ನಡೆಯುವ ಒಂದು ಸಂಗತಿಯನ್ನು ಅವರು ಗಮನಿಸಿರುವುದಿಲ್ಲ.

ಊಟಿ 2,240 ಮೀಟರ್ ಎತ್ತರದಲ್ಲಿದೆ. ಗಾಳಿಯ ಒತ್ತಡ ಅಲ್ಲಿ ಸಮುದ್ರ ಮಟ್ಟಕ್ಕಿಂತ ಕಾಲು ಭಾಗದ ಹತ್ತಿರ ಕಡಿಮೆ. ಟರ್ಬೊ ಇಲ್ಲದ ಎಂಜಿನ್ ಅಷ್ಟೇ ಪ್ರಮಾಣದಲ್ಲಿ ಸೊರಗುತ್ತದೆ, ಹಳೆಯ ಅಂಬಾಸಿಡರ್ ಘಾಟಿಯಲ್ಲಿ ಏದುಸಿರು ಬಿಡುತ್ತಿದ್ದದ್ದು ನೆನಪಿರುವವರಿಗೆ ಗೊತ್ತು. ಟರ್ಬೊ ಇದ್ದರೆ ಆ ಕೊರತೆಯನ್ನು ತುಂಬಿಕೊಡುತ್ತದೆ. ಹೇಗೆ ತುಂಬಿಕೊಡುತ್ತದೆ? ಇನ್ನೂ ಜೋರಾಗಿ ತಿರುಗಿ. ಮೈಸೂರಿನಲ್ಲಿ ಎರಡು ಪಟ್ಟು ಒತ್ತಿದರೆ ಸಿಗುತ್ತಿದ್ದ ಒತ್ತಡವೇ ಊಟಿಯಲ್ಲಿ ಬೇಕು ಅಂದರೆ ಹತ್ತಿರಹತ್ತಿರ 2.4 ಪಟ್ಟು ಒತ್ತಬೇಕು. ಕಾರ್ಖಾನೆಯ ಇಸಿಯುಗೆ ಹೊರಗಿನ ಒತ್ತಡ ತಿಳಿಯುವ ಸೆನ್ಸರ್ ಇರುತ್ತದೆ, ಎತ್ತರಕ್ಕೆ ಹೋದಂತೆ ಅದು ಬೂಸ್ಟ್ ಗುರಿಯನ್ನು ತಗ್ಗಿಸಿ ಟರ್ಬೊ ಕಾಯುತ್ತದೆ. ಟರ್ಬೊ ತನ್ನ ಮಿತಿ ಮುಟ್ಟದಂತೆ ಎಂಜಿನಿಯರ್‌ಗಳು ಲೆಕ್ಕ ಹಾಕಿಯೇ ಉಳಿಸಿದ ಅಂತರ ಅದು. ಬಯಲಿನ ಡೈನೋ (ಕಾರಿನ ಶಕ್ತಿ ಅಳೆಯುವ ಯಂತ್ರ) ಮೇಲೆ, ಮೈಸೂರು ಬೆಂಗಳೂರಿನ ಎತ್ತರದಲ್ಲಿ, ಟರ್ಬೊವನ್ನು ಅದರ ಮಿತಿಯ ಅಂಚಿಗೇ ತಂದು ರೀಮ್ಯಾಪ್ ಮಾಡಿದವರು, ಅಂದರೆ ಇಸಿಯು ಒಳಗಿನ ಲೆಕ್ಕ ತಿದ್ದಿದವರು, ಆ ಅಂತರವನ್ನು ಪೂರ್ತಿ ಖರ್ಚು ಮಾಡಿರುತ್ತಾರೆ. ಕಲ್ಹಟ್ಟಿಯಲ್ಲಿ ಎರಡನೇ ಗೇರ್, ಒತ್ತಿದ ಕಾಲು, ತೆಳುವಾದ ಗಾಳಿ, ಆಗ ಚಕ್ರ ತನಗೆ ಹೇಳಿದ ವೇಗವನ್ನು ಮೀರಿ ಹೋಗುತ್ತದೆ. ರೀಮ್ಯಾಪ್ ಮಾಡಿಸುವವರು ಕೇಳಲೇಬೇಕಾದ ಪ್ರಶ್ನೆ ಇದು: ಎತ್ತರದಲ್ಲಿ ಬೂಸ್ಟ್ ಎಷ್ಟಕ್ಕೆ ಇಳಿಸುತ್ತೀರಿ? ಉತ್ತರ ಬಾರದಿದ್ದರೆ ಅಲ್ಲಿಂದ ಕೀ ತಗೊಂಡು ಹೊರಟುಬಿಡಿ.

ಕಾಯ್ದೆ ಮಾತು ಚಿಕ್ಕದಾಗಿ ಹೇಳುತ್ತೇನೆ. ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 52ರ ಪ್ರಕಾರ ಆರ್‌ಸಿಯಲ್ಲಿರುವ ವಿವರ ತಯಾರಕರು ಕೊಟ್ಟಿದ್ದಕ್ಕಿಂತ ಬೇರೆಯಾಗುವಂತೆ ಗಾಡಿ ಬದಲಾಯಿಸುವ ಹಾಗಿಲ್ಲ. 2019ರ ತಿದ್ದುಪಡಿ ಆದಮೇಲೆ ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು, ಎರಡೂ ಆಗಬಹುದು. ಆರ್‌ಟಿಒ ಹತ್ತಿರ ಮೊದಲೇ ಕೇಳಿಕೊಳ್ಳಿ, ಇನ್ಶೂರೆನ್ಸ್‌ನವರಿಗೂ ಬರವಣಿಗೆಯಲ್ಲಿ ತಿಳಿಸಿ. ಹೇಳದೆ ಮಾಡಿದ ಬದಲಾವಣೆ ಆಕ್ಸಿಡೆಂಟ್ ಆದ ದಿನ ಕ್ಲೇಮಿಗೆ ಅಡ್ಡ ಬಂದರೆ ಆಗ ಯಾರೂ ಜೊತೆಗಿರುವುದಿಲ್ಲ. ಎಳೆತ ಜಾಸ್ತಿಯಾದರೆ ಕ್ಲಚ್ ಜಾರುವುದು, ಬ್ರೇಕ್ ಸಾಲದಾಗುವುದು ಇವೂ ಲೆಕ್ಕಕ್ಕೆ ಬರಬೇಕು. ಅಷ್ಟಾಗಿ ಆ ಮೇಲಿನ ಕುದುರೆಗಳನ್ನು ಓಡಿಸುವುದೆಲ್ಲಿ? ಬೆಂಗಳೂರು ಮೈಸೂರು ಹೈವೇಯಲ್ಲಿ ಮಿತಿ ಗಂಟೆಗೆ 100 ಕಿಲೋಮೀಟರ್, ಕ್ಯಾಮೆರಾ ಇದೆ. ಆ ವೇಗಕ್ಕೆ ಈ ಕಾರು ಐದನೇ ಗೇರ್‌ನಲ್ಲಿ ಎರಡು ಸಾವಿರ ಚಿಲ್ಲರೆಯಲ್ಲೇ ಇರುತ್ತದೆ.

ಅಕ್ಕನ ಮಗ ಆಸೆ ಬಿಟ್ಟಿಲ್ಲ, ಬಿಡಲಿ ಅಂತ ನಾನೂ ಅಂದಿಲ್ಲ. ಒಂದು ಕೆಲಸ ಹೇಳಿದ್ದೆ, ಅದನ್ನು ಶ್ರದ್ಧೆಯಿಂದ ಮಾಡುತ್ತಿದ್ದಾನೆ. ಇಸಿಯು ಅಂಕಿಗಳನ್ನು ಓದುವ ಒಬಿಡಿ ಪೋರ್ಟಿಗೆ ಅಡಾಪ್ಟರ್ ಸಿಕ್ಕಿಸಿ, ಮೂರನೇ ಗೇರ್‌ನಲ್ಲಿ ಒಂದೂವರೆ ಸಾವಿರದಿಂದ ಮೂರು ಸಾವಿರದವರೆಗೆ ಆರ್‌ಪಿಎಂ, ಬೂಸ್ಟ್ ಒತ್ತಡ, ಇನ್‌ಟೇಕ್ ಗಾಳಿಯ ಬಿಸಿ ಮೂರನ್ನೂ ಫೋನಿನಲ್ಲಿ ದಾಖಲು ಮಾಡಿ ಕಳಿಸುತ್ತಾನೆ, ಬೆಳಗ್ಗೆ ತಂಪಿನಲ್ಲಿ ಒಂದು, ಮಧ್ಯಾಹ್ನದ ಬಿಸಿಲಲ್ಲಿ ಒಂದು. ಹೋಸ್ ಬದಲಿಸಿದ ಮೇಲೆ 1,800ಕ್ಕೆ ಬೂಸ್ಟ್ ಅರ್ಧ ಬಾರ್ ದಾಟುತ್ತಿದೆ, ಮೊದಲು ಅದರ ಅರ್ಧವೂ ಇರಲಿಲ್ಲ. ಮೊನ್ನೆ ರಾತ್ರಿ ಫೋನ್ ಮಾಡಿ, "ಮಾಮ, ಬಿಸ್ಲಲ್ಲಿ ಇನ್‌ಟೇಕ್ ಟೆಂಪರೇಚರ್ ಜಾಸ್ತಿ ತೋರುಸ್ತದೆ, ಟರ್ಬೊಗಿಂತ ಮುಂಚೆ ಇಂಟರ್‌ಕೂಲರ್ ನೋಡ್ಬೇಕೇನೋ" ಅಂದ. ಅದನ್ನು ನಾನು ಹೇಳಿಕೊಟ್ಟಿರಲಿಲ್ಲ, ಅಂಕಿ ನೋಡಿ ಅವನೇ ಕಂಡುಕೊಂಡದ್ದು. ಈ ಭಾನುವಾರ ಮೈಸೂರಿಗೆ ಬರುತ್ತಾನೆ. ಆ ಗ್ರಾಫ್‌ಗಳನ್ನು ಮೇಸ್ತ್ರಿಗೆ ತೋರಿಸಿ, ವಿಜಿಟಿ ಹಾಕುವುದಾದರೆ 90 ಪಿಎಸ್ ಕಾರಿನ ಇಸಿಯು, ವೈರಿಂಗ್ ಸಮೇತ ಸಿಗುತ್ತದಾ, ಆರ್‌ಟಿಒದಲ್ಲಿ ಏನನ್ನುತ್ತಾರೆ ಅಂತ ವಿಚಾರಿಸುವುದಿದೆ.